ಅಣ್ಣನ ಪೈಪನ್ನು ಹೊಸತು ಮಾಡಿದ್ದು

ಇಪ್ಪತ್ತೈದು ವರ್ಷಗಳ ಹಿಂದೆ ಬಿಟ್ಟಿದ್ದ ಪೈಪನ್ನು ನಾನು ಮತ್ತೆ ಬಾಯಿಗಿಟ್ಟ ದಿನ ನನ್ನ ಹೆಂಡತಿ ಜಯಂತಿ ಜಗಳ ಮಾಡಲಿಲ್ಲ. ನನಗೆ ಹೆದರಿಕೆಯಾದದ್ದೇ ಅದಕ್ಕೆ. ಜಗಳ ಮಾಡಬೇಕಾದ ಹೆಂಗಸು ಸುಮ್ಮನಾದರೆ ಮನೆಯಲ್ಲಿ ಫ್ಯಾನಿನ ಸದ್ದು ಕೂಡ ದೊಡ್ಡದಾಗಿ ಕೇಳಿಸುತ್ತದೆ. ಅವಳು ಅಡುಗೆಮನೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತು ನೋಡಿದಳು, ಒಳಗೆ ಹೋಗಿ ಅಗರಬತ್ತಿ ಹಚ್ಚಿದಳು. ಅಂದಿನಿಂದ ನನಗೆ ಹಿತ್ತಲಿನ ಒಗೆಯುವ ಕಲ್ಲೇ ಗತಿ. ಸಂಜೆ ನಾಲ್ಕರ ಹೊತ್ತಿಗೆ ಅದರ ಮೇಲೆ ಕೂತು ಪೈಪಿನ ಬಟ್ಟಲಿಗೆ ಹೊಗೆಸೊಪ್ಪು ತುಂಬುತ್ತೇನೆ. ಜೆಪ್ಪುವಿನ ನಮ್ಮ ಓಣಿಯಲ್ಲಿ ಈಗ ಸುತ್ತಲೂ ಫ್ಲಾಟುಗಳು ಎದ್ದಿವೆ. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಲು ಬಂದವರಿಗೆಲ್ಲ ನಾನು ಚೆನ್ನಾಗಿ ಕಾಣಿಸುತ್ತೇನೆ. ಉಟ್ಟದ್ದು ಲುಂಗಿ, ತೊಟ್ಟದ್ದು ತೂತು ಬನಿಯನ್, ಬಾಯಲ್ಲಿ ವಿಲಾಯಿತಿ ಪೈಪು. ನೋಡಿದವರು ನಗಬೇಕು. ನಗುತ್ತಾರೆ ಕೂಡ.

ನಾನು ಸುಖಕ್ಕೆ ಸೇದುತ್ತಿಲ್ಲ ಎಂದು ಆ ಬಾಲ್ಕನಿಗಳಿಗೆ ಕೂಗಿ ಹೇಳಲಾಗುವುದಿಲ್ಲ. ನಿಮಗೆ ಹೇಳುತ್ತೇನೆ, ಪುರುಸೊತ್ತಿದ್ದರೆ ಕೇಳಿ. ನಾನೊಂದು ಕೆಲಸ ಕೆಡಿಸಿದೆ. ಉದಾಸೀನದಿಂದ ಕೆಡಿಸಿದ್ದರೆ ಕ್ಷಮೆ ಕೇಳಬಹುದಿತ್ತು. ಅತಿ ಶ್ರದ್ಧೆಯಿಂದ, ನಾಲ್ಕು ದಿನ ಊಟ ತಿಂಡಿಯ ಗೊಡವೆಯಿಲ್ಲದೆ ಕೂತು ಕೆಡಿಸಿದೆ. ಅಂಥದ್ದಕ್ಕೆ ಕ್ಷಮೆ ಕೇಳುವುದು ಹೇಗೆ ಎಂದು ಈ ವಯಸ್ಸಿನಲ್ಲೂ ನನಗೆ ಗೊತ್ತಿಲ್ಲ.

ಹೊಗೆಸೊಪ್ಪಿನ ವಾಸನೆ ನನಗೆ ಹುಟ್ಟಿನಿಂದಲೇ ಬಂದದ್ದು. ನಮ್ಮದು ಬೀಡಿ ಕಟ್ಟುವ ಮನೆ. ಅಪ್ಪ ಹಂಚಿನ ಕಾರ್ಖಾನೆಗೆ ಹೋದ ಮೇಲೆ ಅಮ್ಮ ಚಾವಡಿಯಲ್ಲಿ ಗೋಡೆಗೆ ಒರಗಿ ಕಾಲು ನೀಡಿ, ತೊಡೆಯ ಮೇಲೆ ಮೊರ ಇಟ್ಟುಕೊಂಡು ಕೂತರೆ ಮತ್ತೆ ಏಳುತ್ತಿದ್ದದ್ದು ಗಂಜಿ ಬಸಿಯಲಿಕ್ಕೆ. ಮೊರದ ಒಂದು ಮೂಲೆಯಲ್ಲಿ ನೆನೆಸಿ ಕತ್ತರಿಸಿದ ಎಲೆ, ಇನ್ನೊಂದು ಮೂಲೆಯಲ್ಲಿ ಸೊಪ್ಪು, ಬೆರಳ ಸಂದಿಯಲ್ಲಿ ನೂಲು. ಆ ಸೊಪ್ಪಿನ ಧೂಳು ನಮ್ಮ ಚಾಪೆಯಲ್ಲಿತ್ತು, ತಲೆದಿಂಬಿನಲ್ಲಿತ್ತು, ಕುಚ್ಚಲಕ್ಕಿ ಗಂಜಿಯಲ್ಲಿಯೂ ಇತ್ತು. ಆರನೆಯ ಕ್ಲಾಸಿನಲ್ಲಿ ಗಣಿತದ ಮೇಷ್ಟ್ರು ನನ್ನ ಪುಸ್ತಕ ಮೂಗಿನ ಹತ್ತಿರ ಹಿಡಿದು, "ಎಂತ ಭಾಸ್ಕರ, ಬೀಡಿ ಎಳೆಯುತ್ತೀಯಾ?" ಎಂದು ಕೇಳಿದರು. "ಇಲ್ಲ ಸಾರ್, ನಮ್ಮ ಅಮ್ಮ" ಎಂದೆ. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ನಾನು ಹೇಳಹೊರಟದ್ದು ಅಮ್ಮ ಬೀಡಿ ಕಟ್ಟುತ್ತಾರೆ ಎಂದು.

ವಾರಿಜತ್ತಿಗೆ, ಅಂದರೆ ನನ್ನ ಅಣ್ಣನ ಹೆಂಡತಿ, ಮದುವೆಯಾಗಿ ಬಂದ ಎರಡನೇ ವಾರಕ್ಕೇ ಅಮ್ಮನ ಪಕ್ಕದಲ್ಲಿ ಇನ್ನೊಂದು ಮೊರ ಬಂತು. ನಾನಾಗ ಹೈಸ್ಕೂಲಿನಲ್ಲಿದ್ದೆ. ಅತ್ತಿಗೆಯ ಕೈ ಅಮ್ಮನಷ್ಟು ಚುರುಕಿರಲಿಲ್ಲ, ಆದರೆ ಮೂಗು! ಬೀಡಿ ಕಂಪೆನಿಯ ಡಿಪೋದಿಂದ ಸೊಪ್ಪು ಬಂದ ಕೂಡಲೇ ಅದನ್ನು ಮೂರು ಸಲ ಮೂಸುತ್ತಿದ್ದರು. ಒಮ್ಮೆ ಹಾಗೆಯೇ, ಒಮ್ಮೆ ಅಂಗೈಯಲ್ಲಿ ತಿಕ್ಕಿ, ಒಮ್ಮೆ ಅದರ ಮೇಲೆ ಬಾಯಿಯ ಹಬೆ ಬಿಟ್ಟು. ಆಮೇಲೆ, "ಇದಕ್ಕೆ ಹೋದ ವರ್ಷದ್ದು ಸೇರಿಸಿದ್ದಾರೆ ಅತ್ತೆ" ಎಂದು ತೀರ್ಪು. ಅಮ್ಮ ಸೆರಗು ಬಿಗಿದು ಡಿಪೋಕ್ಕೆ ಹೋಗಿ ಬದಲಿಸಿಕೊಂಡು ಬರುತ್ತಿದ್ದರು. ಆ ಮೂಗಿಗೆ ಡಿಪೋದವರೂ ಹೆದರುತ್ತಿದ್ದರು. ಇದನ್ನು ನಾನು ಮರೆಯಬಾರದಿತ್ತು.

ಅಣ್ಣನಿಗೆ ಪಣಂಬೂರಿನ ಬಂದರಿನಲ್ಲಿ ಕೆಲಸ. ದೊಡ್ಡ ಹಡಗುಗಳನ್ನು ದೂಡಿ ದಕ್ಕೆಗೆ ತಂದು ನಿಲ್ಲಿಸುವ ಟಗ್ ಬೋಟಿನಲ್ಲಿ ಅವನು ಹಗ್ಗ ಎಸೆಯುವವ. ಪೈಪು ಅವನ ಕೈಸೇರಿದ್ದು ಬಂಗುಡೆಯಿಂದ. ಯಾವುದೋ ದೇಶದ ಹಡಗಿನ ಎಂಜಿನಿಯರ್ ಒಬ್ಬ ಅಣ್ಣನ ಬುತ್ತಿಯಲ್ಲಿದ್ದ ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿಯನ್ನು ಕೇಳಿ ತಿಂದನಂತೆ. ಅತ್ತಿಗೆಯ ಕೈಯ ಪುಳಿಮುಂಚಿ ಎಂದರೆ ನಮಗೇ ಮೂಗಿನಲ್ಲಿ ನೀರು. ಆ ಮನುಷ್ಯ ಅಳುತ್ತಾ ತಿಂದು, ಇನ್ನೂ ಬೇಕೆಂದು ಕೇಳಿ, ಮರುದಿನ ಅಣ್ಣನಿಗೆ ಎರಡು ಪೈಪುಗಳನ್ನೂ ಒಂದು ಡಬ್ಬ ಸೊಪ್ಪನ್ನೂ ಕೊಟ್ಟು ಹೋದ. ಯಾವುದೋ ಗಿಡದ ಬೇರಿನಿಂದ ಕೊರೆದ ಕಂದು ಬಣ್ಣದ ಪೈಪುಗಳು. ಒಂದನ್ನು ಅಣ್ಣ ಇಟ್ಟುಕೊಂಡ. ಇನ್ನೊಂದು, ನನಗೆ ಕೆಲಸ ಸಿಕ್ಕಿದ ವರ್ಷ, ನನ್ನದಾಯಿತು.

ಪೈಪು ಸಿಕ್ಕಿದ ಮೇಲೆ ನಾನು ನಡೆಯುವ ರೀತಿಯೇ ಬದಲಾಯಿತು. ಕನ್ನಡಿಯ ಎದುರು ನಿಂತು ಅಭ್ಯಾಸ ಮಾಡಿದವ ನಾನು. ಸೋದರತ್ತೆಯ ಮಗಳ ಮದುವೆಯಲ್ಲಿ ಹಿರಿಯರು ಎದುರು ಬಂದರೆಂದು ಪೈಪನ್ನು ಅವಸರದಲ್ಲಿ ಜೇಬಿಗೆ ತುರುಕಿದೆ. ಧಾರೆಯ ಹೊತ್ತಿಗೆ ಸರಿಯಾಗಿ ನನ್ನ ಎದೆಯಿಂದ ಹೊಗೆ ಏಳತೊಡಗಿತು. ಯಾರೋ ಪುಣ್ಯಾತ್ಮ ಒಂದು ಚೊಂಬು ಪಾನಕ ಎರಚಿದ. ಆ ಶರ್ಟನ್ನು ಅಮ್ಮ ಬಹಳ ಕಾಲ ಒಲೆಯ ಹತ್ತಿರ ಮಸಿಬಟ್ಟೆಯಾಗಿ ಇಟ್ಟುಕೊಂಡಿದ್ದರು, ನನಗೆ ಕಾಣುವ ಹಾಗೆ.

ಅಣ್ಣನದು ಹಾಗಲ್ಲ. ಅವನಿಗೆ ಪೈಪು ಮೈಯ ಒಂದು ಅಂಗವೇ ಆಗಿಹೋಯಿತು. ಎಡಗಡೆ ಮೇಲಿನ ಹಲ್ಲೊಂದು ಮುರಿದಿತ್ತು. ಆ ಮುರುಕು ಜಾಗಕ್ಕೆ ಪೈಪಿನ ತುದಿಯನ್ನು ಸಿಕ್ಕಿಸಿ ಕಚ್ಚಿ ಹಿಡಿಯುತ್ತಿದ್ದ. ವರ್ಷ ಕಳೆದ ಹಾಗೆ ಆ ತುದಿಯಲ್ಲಿ ಓರೆಯಾದ ಒಂದು ಗುಳಿ ಬಿತ್ತು. ಪೈಪು ತೆಗೆಯದೆಯೇ ಮಾತಾಡುತ್ತಿದ್ದ ಕಾರಣ ಅವನ ಮಾತು ಅರ್ಧ ಪೈಪಿನ ಒಳಗೆ, ಅರ್ಧ ಹೊರಗೆ. ಅದು ಪೂರ್ತಿ ಅರ್ಥವಾಗುತ್ತಿದ್ದದ್ದು ಅತ್ತಿಗೆಗೆ ಮಾತ್ರ. ಉಳಿದವರು "ಎಂತ? ಎಂತ?" ಎಂದು ಕೇಳಿ ಸುಸ್ತಾಗಿ ಅತ್ತಿಗೆಯ ಮುಖ ನೋಡುತ್ತಿದ್ದೆವು. ಅವರು ಮೊರದಿಂದ ತಲೆ ಎತ್ತದೆ, "ಕೊಡೆ ತೆಗೊಂಡು ಹೋಗು ಅಂತಿದ್ದಾರೆ" ಎಂದು ನಮಗೆ ಬಿಡಿಸಿ ಹೇಳುತ್ತಿದ್ದರು. (ನಮ್ಮ ಮನೆಯ ಮಾತು ತುಳು. ಇಲ್ಲಿ ನಿಮಗೋಸ್ಕರ ಎಲ್ಲರ ಬಾಯಲ್ಲೂ ಕನ್ನಡ ಆಡಿಸುತ್ತಿದ್ದೇನೆ.)

ನಾನು ಪೈಪು ಬಿಟ್ಟದ್ದಕ್ಕೆ ದೊಡ್ಡ ಪ್ರತಿಜ್ಞೆಯೇನೂ ಕಾರಣವಲ್ಲ, ಹೆದರಿಕೆ. ಅತ್ತಾವರದ ಒಂದು ಡೆಂಟಲ್ ಲ್ಯಾಬಿನಲ್ಲಿ ಹಲ್ಲಿನ ಸೆಟ್ಟು ಮಾಡುವುದು ನನ್ನ ಕೆಲಸವಾಗಿತ್ತು. ಡಾಕ್ಟರು ರೋಗಿಯ ಬಾಯಿಯ ಅಳತೆ ತೆಗೆದು ಕಳಿಸಿದರೆ ನಾನು ಅದರಲ್ಲಿ ಪ್ಲಾಸ್ಟರ್ ಸುರಿದು ಅಚ್ಚು ಮಾಡಿ, ಅಚ್ಚಿನ ಮೇಲೆ ಹಲ್ಲು ಕೂರಿಸುವವ. ಮೊದಮೊದಲು ಬರೀ ಹಲ್ಲು. ಆಮೇಲೆ ಅಂಗುಳವೇ ಇಲ್ಲದವರ ಅಚ್ಚುಗಳು ಬರತೊಡಗಿದವು. ಹೊಗೆಸೊಪ್ಪು ತಿಂದೋ ಸೇದಿಯೋ ಕ್ಯಾನ್ಸರ್ ಆಗಿ, ಬಾಯಿಯ ಮಾಳಿಗೆಯನ್ನೇ ಕೊಯ್ದು ತೆಗೆದವರು. ಅಂಥವರು ಗಂಜಿ ಕುಡಿದರೆ ಮೂಗಿನಿಂದ ಬರುತ್ತದೆ. ಅವರಿಗೆ ನಾನು ಗುಲಾಬಿ ಬಣ್ಣದ ಪ್ಲಾಸ್ಟಿಕ್ಕಿನಲ್ಲಿ ಅಂಗುಳ ಮಾಡಿ ಕೊಡಬೇಕಿತ್ತು. ಒಂದು ಅಚ್ಚಿನ ಹಳ್ಳದಲ್ಲಿ ನನ್ನ ಹೆಬ್ಬೆರಳು ಇಡಿಯಾಗಿ ಹೋದ ದಿನ ಮನೆಗೆ ಬಂದು ಪೈಪನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದೆ. ಅಣ್ಣನಿಗೂ ಹೇಳಿದೆ. ಅವನು ಪೈಪಿನ ಒಳಗಿನಿಂದ ಏನೋ ಅಂದ. "ಆಯ್ತು ಅಂತಿದ್ದಾರೆ" ಎಂದರು ಅತ್ತಿಗೆ. ಅವನು ಬಿಡಲಿಲ್ಲ. ಅವನ ಬಾಯಿಗೆ ಏನೂ ಆಗಲಿಲ್ಲ ಎಂಬುದು ಬೇರೆ ಮಾತು. ಅವನು ಹೋದದ್ದು ತಲೆಯ ನರ ಒಡೆದು, ಎರಡು ವರ್ಷದ ಹಿಂದೆ, ಮಳೆ ಹಿಡಿಯುವುದಕ್ಕೆ ಸ್ವಲ್ಪ ಮೊದಲು.

ರಿಟೈರಾದ ಮೇಲೆ ಏನೋ ಹುಡುಕಲು ಪೆಟ್ಟಿಗೆ ತೆರೆದಾಗ ನನ್ನ ಹಳೇ ಪೈಪು ಸಿಕ್ಕಿತು. ಕಪ್ಪು ತುದಿ ಹಸುರುಗಟ್ಟಿತ್ತು. ಕೈ ಸುಮ್ಮನಿರಲಿಲ್ಲ. ಹಲ್ಲಿನ ಸೆಟ್ಟಿಗೆ ಹೊಳಪು ಕೊಡುವ ಕಲ್ಲಿನ ಪುಡಿ, ಬಟ್ಟೆಯ ಚಕ್ರ, ಸಣ್ಣ ಮೋಟಾರು ಎಲ್ಲ ಮನೆಯಲ್ಲೇ ಇದ್ದವು. ಅರ್ಧ ದಿನದಲ್ಲಿ ಪೈಪು ಪಳಪಳ. ಅಲ್ಲಿಂದ ಹುಚ್ಚು ಹತ್ತಿತು. ಬಂದರಿನ ಗುಜರಿ ಅಂಗಡಿಗಳಲ್ಲಿ ಮುರಿದ ಗಡಿಯಾರ, ಹಡಗಿನ ದೀಪಗಳ ನಡುವೆ ಪೈಪು ಹುಡುಕಿಕೊಂಡು ಹೋಗುವುದು, ತಂದು ತಿಕ್ಕುವುದು. ಸೇದುತ್ತಿರಲಿಲ್ಲ, ದೇವರಾಣೆ. ಬರೀ ತಿಕ್ಕುತ್ತಿದ್ದೆ. "ಪಾತ್ರೆ ತಿಕ್ಕಲಿಕ್ಕೆ ನಿಮಗೆ ಇಷ್ಟು ಉಮೇದು ಇಲ್ವಲ್ಲ" ಎಂದು ಜಯಂತಿ ಹೇಳುತ್ತಿದ್ದಳೇ ಹೊರತು ಅವಳಿಗೂ ಒಳಗೊಳಗೆ ಸಮಾಧಾನವೇ ಇತ್ತು.

ಈ ಕೆಲಸಕ್ಕೊಂದು ಕ್ರಮ ಉಂಟು. ಬಟ್ಟಲಿನ ಒಳಗೆ ವರ್ಷಗಟ್ಟಲೆ ಸೇದಿದ ಮಸಿ ಪದರ ಪದರವಾಗಿ ಕಲ್ಲಿನಂತೆ ಕೂತಿರುತ್ತದೆ. ಮೊದಲು ಅದನ್ನು ಕೆರೆದು ತೆಗೆಯಬೇಕು. ಆಮೇಲೆ ಬಟ್ಟಲಿಗೆ ಕಲ್ಲುಪ್ಪು ತುಂಬಿ, ಉಪ್ಪು ಒದ್ದೆಯಾಗುವಷ್ಟು ಸ್ಪಿರಿಟ್ ಹನಿಸಿ ಮರುದಿನದವರೆಗೆ ಬಿಡಬೇಕು. ಮರದ ಹೊಟ್ಟೆಯಲ್ಲಿರುವ ಹಳೇ ಹೊಗೆಯನ್ನೆಲ್ಲ ಉಪ್ಪು ಎಳೆದುಕೊಂಡು ಚಹಾದ ಬಣ್ಣಕ್ಕೆ ತಿರುಗುತ್ತದೆ. ಮೊಬೈಲಿನ ವಿಡಿಯೋದಲ್ಲಿ ನನಗಿದನ್ನು ಕಲಿಸಿದ ಬಿಳಿಗಡ್ಡದ ವಿದೇಶಿ, ಹಿಂದಿನವನು ಸೇದಿದ ವಾಸನೆ ಪೈಪಿನಲ್ಲಿ ಉಳಿದರೆ ಅದನ್ನು ಭೂತ ಎಂದು ಕರೆಯುತ್ತಾನೆ, ಓಡಿಸಬೇಕು ಎನ್ನುತ್ತಾನೆ. ನಮ್ಮ ಕಡೆ ಭೂತವನ್ನು ಯಾರಾದರೂ ಓಡಿಸುತ್ತಾರಾ? ದೀಪ ಇಟ್ಟು, ಕೋಲ ಕೊಟ್ಟು, ಮನೆಯ ಹಿರಿಯರೆಂದು ಕರೆದು ಮಾತಾಡಿಸುತ್ತೇವೆ. ಈ ಬುದ್ಧಿ ನನಗೆ ಆಗ ಬರಲಿಲ್ಲ, ಈಗ ಬರೆಯುವಾಗ ಬರುತ್ತಿದೆ.

ಕಳೆದ ಆಷಾಢದಲ್ಲಿ ಅತ್ತಿಗೆಯ ಫೋನು ಬಂತು. ಅವರು ಈಗ ಪಣಂಬೂರಿನ ಆಚೆ ಕುಳಾಯಿಯಲ್ಲಿ ಮಗಳು ಅಳಿಯನ ಜೊತೆ ಇದ್ದಾರೆ.

"ಭಾಸ್ಕರ, ನಿನ್ನ ಅಣ್ಣನ ಪೈಪಿಗೆ ಬಿಳಿ ಫಂಗಸ್ ಬಂದಿದೆ ಮಾರಾಯ. ನೀನು ಎಂತದೋ ಕ್ಲೀನ್ ಮಾಡ್ತೀಯಂತಲ್ಲ."

ನಾನು ಅದೇ ದಿನ ಬಸ್ಸು ಹತ್ತಿದೆ. ಅತ್ತಿಗೆ ತಮ್ಮ ಕೋಣೆಯ ಕಪಾಟಿನ ಬೀಗ ತೆಗೆದರು. ಮಳೆಗೆ ಊದಿದ ಮರದ ಬಾಗಿಲು ಕಿರ್ರೆಂದಿತು. ಸೀರೆಗಳ ಅಡಿಯಿಂದ ಒಂದು ಗಂಟು ಹೊರಬಂತು, ಅಣ್ಣನ ಬನಿಯನ್ನಿನಲ್ಲಿ ಸುತ್ತಿದ್ದು. ಬಿಚ್ಚಿ, ನನ್ನ ಕೈಗೆ ಕೊಡುವ ಮುಂಚೆ ಪೈಪನ್ನು ಸರಕ್ಕನೆ ಒಮ್ಮೆ ಮೂಗಿನ ಹತ್ತಿರ ತಂದು ಇಳಿಸಿದರು. ನಾನು ನೋಡಿದೆನೆಂದು ತಿಳಿದು ನಾಚಿಕೊಂಡರು. ಎಪ್ಪತ್ತು ದಾಟಿದ ಹೆಂಗಸು ಹಾಗೆ ನಾಚಿದ್ದನ್ನು ಕಂಡೂ ನನಗೇನೂ ಹೊಳೆಯಲಿಲ್ಲ.

"ಹೊರಗಿನಿಂದ ಒಂಚೂರು ಒರೆಸಿ ಕೊಟ್ರೆ ಸಾಕು" ಎಂದರು.

"ಒರೆಸುವುದೆಂತ ಅತ್ತಿಗೆ, ಹೊಸತೇ ಮಾಡಿ ಕೊಡ್ತೇನೆ. ನೋಡ್ತಾ ಇರಿ."

"ಹೊಸತು ಎಂತಕ್ಕೆ? ಒರೆಸಿದ್ರೆ ಸಾಕು ಭಾಸ್ಕರ."

ಸಂಕೋಚಕ್ಕೆ ಹೇಳುತ್ತಾರೆ ಅಂದುಕೊಂಡೆ. ನಮ್ಮ ಕಡೆ ಊಟಕ್ಕೆ ಕೂತವರು ಸಾಕು ಎಂದರೂ ಇನ್ನೊಂದು ಸೌಟು ಹಾಕುತ್ತೇವಲ್ಲ, ಹಾಗೆ.

ನಾಲ್ಕು ದಿನ ನಾನು ಸುಖಿಯಾಗಿದ್ದೆ. ಹೊರಗೆ ಮಳೆ, ಒಳಗೆ ಮೋಟಾರಿನ ಗುಂಯ್ ಸದ್ದು, ಕೈಯಲ್ಲಿ ಅಣ್ಣನ ಪೈಪು. ಮಸಿಯನ್ನು ಮರ ಕಾಣುವವರೆಗೆ ಕೆರೆದೆ. ಗೊಬ್ಬರವಾಗಲಿ ಎಂದು ಅದನ್ನು ಹಿತ್ತಲಿನ ಮಲ್ಲಿಗೆ ಗಿಡದ ಚಟ್ಟಿಗೆ ಹಾಕಿದೆ. ಉಪ್ಪು ಒಂದು ಸಲಕ್ಕೆ ಪೂರ್ತಿ ಎಳೆಯಲಿಲ್ಲವೆಂದು ಮೂರು ಸಲ ಬದಲಿಸಿದೆ. ಮೂರನೆಯ ಸಲ ಉಪ್ಪು ಬಿಳಿಯಾಗಿಯೇ ಉಳಿದಾಗ ಗೆದ್ದಷ್ಟು ಸಂತೋಷವಾಯಿತು. ಕಚ್ಚುವ ತುದಿಯ ಗುಳಿಯನ್ನು ಕರಿ ಅಂಟಿನಿಂದ ತುಂಬಿಸಿ, ಒಣಗಿಸಿ, ತಿಕ್ಕಿ, ಉಗುರು ಎಳೆದರೂ ಎಲ್ಲೂ ತಡೆಯದ ಹಾಗೆ ಮಾಡಿದೆ. ಮೂವತ್ತೈದು ವರ್ಷ ಹಲ್ಲಿನ ಕೆಲಸ ಮಾಡಿದವನ ಕೈ ಅದು. ಅಂಥ ಪೈಪನ್ನು ನಾನು ಅದಕ್ಕೆ ಮೊದಲು ಮಾಡಿರಲಿಲ್ಲ, ಆಮೇಲೆಯೂ ಮಾಡಿಲ್ಲ.

ಕುಳಾಯಿಯ ಮನೆಯಲ್ಲಿ ಅತ್ತಿಗೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಪೈಪು ತೆಗೆದುಕೊಂಡರು. ಮೂಗಿಗೆ ಹಿಡಿದರು. ಬಟ್ಟಲನ್ನು ತಿರುಗಿಸಿ ಮತ್ತೆ ಹಿಡಿದರು. ಬಟ್ಟಲಿನ ಒಳಗೆ ಹಬೆ ಬಿಟ್ಟು ಮೂರನೆಯ ಸಲ ಹಿಡಿದರು. ಆಮೇಲೆ ಅವರ ಹೆಬ್ಬೆರಳು ತುದಿಯ ಮೇಲೆ ಅತ್ತಿತ್ತ ಹರಿದಾಡಿತು.

"ಇಲ್ಲಿ ಒಂದು ಗುಳಿ ಇತ್ತು."

"ತುಂಬಿಸಿದ್ದೇನೆ ಅತ್ತಿಗೆ. ಈಗ ಗೊತ್ತೇ ಆಗುವುದಿಲ್ಲ" ಎಂದೆ. ಹೆಮ್ಮೆಯಿಂದಲೇ ಎಂದೆ.

"ಹೌದು. ಗೊತ್ತೇ ಆಗುವುದಿಲ್ಲ" ಎಂದರು. "ಚಹಾ ಕುಡೀತೀಯಾ?"

ಚಹಾ ಬರಲು ಬಹಳ ಹೊತ್ತು ಹಿಡಿಯಿತು. ಬಂದ ಚಹಾದಲ್ಲಿ ಸಕ್ಕರೆ ಇರಲಿಲ್ಲ. ನಾನು ಸಕ್ಕರೆ ಕೇಳಲು ಮುಖ ಎತ್ತಿದೆ. ಅವರ ಕಣ್ಣು ಕೆಂಪಾಗಿತ್ತು.

"ಎಂತ ಅತ್ತಿಗೆ?"

"ಎಂತ ಇಲ್ಲ. ಮನಸ್ಸಿಗೆ ಒಂಥರಾ ಆದಾಗ ತೆಗೆದು ಮೂಸ್ತಿದ್ದೆ, ಅಷ್ಟೆ. ಮೂಸಿದ್ರೆ ಹೊರಗೆ ಚಾವಡಿಯಲ್ಲಿ ಕೂತಿದ್ದಾರೆ ಅಂತ ಆಗ್ತಿತ್ತು. ಫೋಟೋ ನೋಡಿದ್ರೆ ಹಾಗೆ ಆಗುವುದಿಲ್ಲ. ಪರ್ವಾಗಿಲ್ಲ ಬಿಡು, ನೀನು ಒಳ್ಳೇದಕ್ಕೇ ಮಾಡಿದ್ದು" ಎಂದರು.

ಬೈದಿದ್ದರೆ ನಾನು ಇವತ್ತು ಒಗೆಯುವ ಕಲ್ಲಿನ ಮೇಲೆ ಕೂರುತ್ತಿರಲಿಲ್ಲವೋ ಏನೋ. ಆ ಪರ್ವಾಗಿಲ್ಲ ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಅಣ್ಣ ಯಾವ ದೇಶದ ಸೊಪ್ಪು ಸೇದುತ್ತಿದ್ದ, ಡಬ್ಬದ ಹೆಸರೇನು ಎಂದು ಕೇಳಿದೆ. ಅದೇ ತರಿಸಿ ಸೇದಿದರೆ ವಾಸನೆ ಮತ್ತೆ ಬಂದೀತು ಎಂಬ ಲೆಕ್ಕ. ಅತ್ತಿಗೆ ನನ್ನನ್ನು ಮಗುವನ್ನು ನೋಡುವಂತೆ ನೋಡಿದರು.

"ಡಬ್ಬದ್ದು ಎಲ್ಲಿತ್ತು? ಹಡಗಿನವರು ಹೊರಗೆ ಬರುವುದು ಕಡಿಮೆ ಆದ ಮೇಲೆ ನನ್ನ ಮೊರದ್ದೇ ಅಲ್ವಾ ಅವರು ಹಾಕ್ತಿದ್ದದ್ದು. ಒಂದು ಚಿಟಿಕೆ ಡಬ್ಬದ್ದು, ಉಳಿದದ್ದು ಬೀಡಿ ಸೊಪ್ಪು. ನಿನಗೆ ಹೇಳಿರ್ಲಿಲ್ವಾ?"

ಹೇಳಿರಲಿಲ್ಲ. ಅಣ್ಣನ ಪೈಪಿನದು ಫಾರಿನ್ ವಾಸನೆ ಎಂದು ಅತ್ತಾವರದ ಲ್ಯಾಬಿನಲ್ಲಿ ಎಷ್ಟು ಜಂಬ ಕೊಚ್ಚಿದ್ದೆ ನಾನು! ಅತ್ತಿಗೆ ಬೀಡಿ ಕಟ್ಟುವುದನ್ನು ನಿಲ್ಲಿಸಿದ ಮೇಲೂ ಅವನಿಗೋಸ್ಕರ ಸೊಪ್ಪು ತರಿಸಿ, ಮೂಸಿ ನೋಡಿ, ಕೈಯಲ್ಲಿ ತಿಕ್ಕಿ ಕೊಡುತ್ತಿದ್ದರಂತೆ. ನಾನು ಉಪ್ಪು ಹಾಕಿ ಮೂರು ಸಲ ತೆಗೆದದ್ದು ಅಣ್ಣನೊಬ್ಬನ ವಾಸನೆಯನ್ನಲ್ಲ.

"ಕೊಡಿ ಅತ್ತಿಗೆ, ಒಂದು ಕೆಲಸ ಬಾಕಿ ಉಂಟು" ಎಂದು ಪೈಪು ಕಸಿದುಕೊಂಡ ಹಾಗೆ ತೆಗೆದುಕೊಂಡು ಹೊರಟೆ. ಪೈಪು ಸುತ್ತಲು ಅವರು ತೆಗೆದಿಟ್ಟಿದ್ದ ಅಣ್ಣನ ಬನಿಯನ್ ಅವರ ಮಡಿಲಲ್ಲೇ ಉಳಿಯಿತು.

ಮನೆಗೆ ಬಂದವನೇ ಕೊಡೆ ಮಡಚದೆ ಮಲ್ಲಿಗೆಯ ಚಟ್ಟಿಯ ಎದುರು ಕುಕ್ಕುರು ಕೂತೆ. ಕನ್ನಡಕ ಹಾಕಿಕೊಂಡು ಮಣ್ಣು ಕೆದಕಿದೆ. ಆ ಮಸಿಯಲ್ಲಿ ಒಂದು ಚೂರಾದರೂ ಸಿಕ್ಕಿದರೆ ಬಟ್ಟಲಿಗೆ ಮೆತ್ತಬಹುದಿತ್ತು. ಕರಿ ಚೂರೊಂದು ಸಿಕ್ಕಿತು. ಮೂಸಿದೆ. ಇದ್ದಿಲು. ಇನ್ನೊಂದು ಸಿಕ್ಕಿತು. ಎರೆಹುಳದ ಹಿಕ್ಕೆ. ಮಳೆ ವಾರವಿಡೀ ಸುರಿದಿತ್ತು, ಚಟ್ಟಿಯ ಅಡಿಯ ತೂತಿನಿಂದ ಎಲ್ಲ ಚರಂಡಿಗೆ ಹೋಗಿತ್ತು.

"ಎಂತ ಹುಡುಕ್ತೀರಿ ಅಲ್ಲಿ? ತಲೆ ಸಮ ಇಲ್ವಾ ನಿಮಗೆ?" ಜಯಂತಿ ಬಾಗಿಲಿನಿಂದ ಕೇಳಿದಳು.

"ಅಣ್ಣನನ್ನು" ಎಂದೆ. ಬಾಯಿಗೆ ಬಂದದ್ದು ಅದು. ಅವಳು ಬಂದು, ನಾನು ಬದಿಗೆ ಬಿಟ್ಟಿದ್ದ ಕೊಡೆ ಎತ್ತಿ ನನ್ನ ತಲೆಯ ಮೇಲೆ ಹಿಡಿದು ನಿಂತಳು.

ಹಾಗೆ ನಾನು ಮತ್ತೆ ಸೇದತೊಡಗಿದ್ದು. ಓಣಿಯ ತುದಿಯ ಗುಲಾಬಿಯಕ್ಕ ಈಗಲೂ ಬೀಡಿ ಕಟ್ಟುತ್ತಾರೆ. ಅವರಿಂದ ಸೊಪ್ಪು ತಂದೆ. ಪೇಟೆಯ ಒಂದು ಅಂಗಡಿಯಲ್ಲಿ ಡಬ್ಬದ ಸೊಪ್ಪು ಸಿಕ್ಕಿತು. ಒಂದು ಚಿಟಿಕೆ ಅದು, ಉಳಿದದ್ದು ಇದು. ಬೀಡಿ ಸೊಪ್ಪು ಪೈಪಿಗೆ ಮಾಡಿದ್ದಲ್ಲ. ಮೊದಲ ದಮ್ಮಿಗೇ ಗಂಟಲು ಸುಟ್ಟು ಕಣ್ಣಲ್ಲಿ ನೀರು ಬಂತು. ಅಣ್ಣ ಇದನ್ನು ಮುಖದ ಗೆರೆ ಅಲುಗದೆ ಅಷ್ಟು ವರ್ಷ ಸೇದಿದ್ದನಲ್ಲ, ಪುಣ್ಯಾತ್ಮ! ಮಸಿಯ ಪದರ ಕೂರುವುದು ಬಹಳ ನಿಧಾನ. ಒಂದು ತಿಂಗಳು ಸೇದಿದರೂ ಬಟ್ಟಲು ಬರೀ ಕಪ್ಪಾಗುತ್ತದೆ, ಅಷ್ಟೆ. ಅಣ್ಣನ ಪೈಪನ್ನು ಒಂದೇ ಸಮನೆ ಸೇದಿದರೆ ಮರ ಸೀಳುತ್ತದೆ, ಅದು ಆರುವಾಗ ಕೈ ಖಾಲಿ ಇರುತ್ತದೆ. ಆ ಹೊತ್ತಿಗೆ ನನ್ನ ಪೈಪನ್ನೂ ಪೆಟ್ಟಿಗೆಯಿಂದ ಹೊರಗೆ ತೆಗೆದೆ. ಯಾವ ದಿನದಿಂದ ಎಂದು ಕೇಳಬೇಡಿ. ಭಾನುವಾರ ಭಾನುವಾರ ಹಲ್ಲಿನ ಡಾಕ್ಟರರ ಪುಟ್ಟ ಕನ್ನಡಿ ಬಾಯಿಗೆ ಇಟ್ಟು ಕೆನ್ನೆಯ ಒಳಭಾಗ, ನಾಲಿಗೆಯ ಅಡಿ ನೋಡಿಕೊಳ್ಳುತ್ತೇನೆ. ಏನನ್ನು ಹುಡುಕಬೇಕೆಂದು ನನಗೆ ಚೆನ್ನಾಗಿ ಗೊತ್ತು. ಅದೊಂದು ಶಾಪ.

ಗುಳಿಯದು ಇನ್ನೊಂದು ಕತೆ. ಅಣ್ಣನ ಮುರುಕು ಹಲ್ಲಿಗೆ ಕ್ಯಾಪು ಹಾಕಿಸಬೇಕೆಂದು ಎಷ್ಟೋ ವರ್ಷದ ಹಿಂದೆ ನಾನೇ ಅವನನ್ನು ಎಳೆದುಕೊಂಡು ಹೋಗಿ ಅಳತೆ ತೆಗೆಸಿದ್ದೆ. ಅವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಪೈಪು ಎಲ್ಲಿ ಸಿಕ್ಕಿಸುವುದು ಎಂಬ ಚಿಂತೆ ಇರಬೇಕು. ಅವನ ಬಾಯಿಯ ಪ್ಲಾಸ್ಟರ್ ಅಚ್ಚು ಮಾತ್ರ ನನ್ನ ಪೆಟ್ಟಿಗೆಯಲ್ಲೇ ಉಳಿದಿತ್ತು. ಮೇಲಿನ ಸಾಲು, ಕೆಳಗಿನ ಸಾಲು, ಎಡಗಡೆಯ ಮುರುಕು, ಎಲ್ಲ ಇದ್ದ ಹಾಗೆಯೇ. ಪೈಪಿನ ತುದಿಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಆ ಎರಡು ಸಾಲುಗಳ ನಡುವೆ ಇಟ್ಟು ಒತ್ತಿದೆ. ಎದುರಿಗೆ ಕೂತವನು ಅಣ್ಣನೇ ಎಂಬ ಹಾಗೆ, ಕಚ್ಚು ಮಾರಾಯ, ಒಮ್ಮೆ ಕಚ್ಚು ಎಂದು ಬೇಡಿಕೊಂಡೆ. ಪ್ಲಾಸ್ಟರಿಗೆ ಎಷ್ಟೆಂದು ಬಲ? ಟಕ್ಕೆಂದು ಎರಡು ಹಲ್ಲು ಮುರಿದು ಮೇಜಿನ ಮೇಲೆ ಬಿದ್ದವು. ಪೈಪಿನ ತುದಿಯಲ್ಲಿ ಗೀರು ಕೂಡ ಬೀಳಲಿಲ್ಲ. ನಾನು ತುಂಬಿಸಿದ ಅಂಟು ಅಷ್ಟು ಗಟ್ಟಿಯಾಗಿತ್ತು. ಅವನು ಹೋದ ದಿನ ನಾನು ಅತ್ತಿರಲಿಲ್ಲ, ಓಡಾಟ ಬಹಳವಿತ್ತು. ಆ ದಿನ ಆ ಎರಡು ಪ್ಲಾಸ್ಟರ್ ಹಲ್ಲುಗಳನ್ನು ಅಂಗೈಯಲ್ಲಿಟ್ಟುಕೊಂಡು ಅತ್ತೆ. ಕೊನೆಗೆ ಅರದಿಂದ ಉಜ್ಜಿ ಒಂದು ಗುಳಿ ಮಾಡಿದೆ. ನೋಡಲಿಕ್ಕೆ ಗುಳಿಯ ಹಾಗೆಯೇ ಉಂಟು.

ಆರು ತಿಂಗಳಾದ ಮೇಲೆ, ಪೈಪನ್ನು ಒಗೆಯದ ನನ್ನ ಮೈಯೊರೆಸುವ ಬೈರಾಸಿನಲ್ಲಿ ಸುತ್ತಿಕೊಂಡು ಕುಳಾಯಿಗೆ ಹೋದೆ. ಬಸ್ಸಿನಲ್ಲಿ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರು. ಒಳ್ಳೆಯ ಲಕ್ಷಣ ಎಂದುಕೊಂಡೆ. ಪಣಂಬೂರು ದಾಟುವಾಗ ಬೈರಾಸು ಸರಿಸಿ ಪೈಪನ್ನು ಮತ್ತೆ ಮತ್ತೆ ಮುಟ್ಟಿ ನೋಡಿದೆ, ರಿಸಲ್ಟ್ ನೋಡಲು ಹೋಗುವವನು ಹಾಲ್ ಟಿಕೆಟ್ ಮುಟ್ಟಿ ನೋಡುವ ಹಾಗೆ.

ಅತ್ತಿಗೆ ಪೈಪು ತೆಗೆದುಕೊಂಡರು. ಮೂಗಿಗೆ ಹಿಡಿದರು. ಒಂದು ಸಲ.

"ಹಾಂ. ಇದೇ ಭಾಸ್ಕರ. ಅವರದ್ದೇ" ಎಂದರು.

ಡಿಪೋದ ಸೊಪ್ಪನ್ನು ಮೂರು ಸಲ ಮೂಸದೆ ಒಂದು ಮಾತು ಹೇಳದಿದ್ದ ಹೆಂಗಸು. ತಿರುಗಿಸಲಿಲ್ಲ, ಹಬೆ ಬಿಡಲಿಲ್ಲ. ಹೆಬ್ಬೆರಳು ನನ್ನ ಗುಳಿಯ ಮೇಲೆ ಬಂದು, ಬಿಸಿ ತಾಗಿದ ಹಾಗೆ ಪಕ್ಕಕ್ಕೆ ಸರಿಯಿತು. ಹೌದೆಂದು ನಂಬಲು ನಾನು ಎಷ್ಟು ಕಾತರಿಸುತ್ತಿದ್ದೆನೆಂದರೆ, ಗಟ್ಟಿಯಾಗಿ ನಕ್ಕು, "ನಾನು ಹೇಳ್ಲಿಲ್ವಾ ಅತ್ತಿಗೆ, ಒಂದು ಕೆಲಸ ಬಾಕಿ ಉಂಟು ಅಂತ!" ಎಂದೆ. ಅವರೂ ನಕ್ಕರು. ಎದ್ದು ಪೈಪನ್ನು ಇಡಲು ಹೋದರು.

ಕೋಣೆಯ ಕಡೆಗೆ ಹೋಗುತ್ತಾರೆಂದು ನಾನು ಆ ಕಿರ್ರೆನ್ನುವ ಬಾಗಿಲಿಗೆ ಕಿವಿಗೊಟ್ಟು ಕಾದೆ. ಅವರು ಚಾವಡಿಯಲ್ಲೇ ನಿಂತರು. ಶೋಕೇಸಿನ ಗಾಜು ಸರಿಸಿ, ಮೊಮ್ಮಗಳಿಗೆ ಬ್ಯಾಡ್ಮಿಂಟನ್ನಿನಲ್ಲಿ ಸಿಕ್ಕಿದ ಕಪ್ಪಿಗೂ ಕಪ್ಪೆಚಿಪ್ಪಿನ ಹಡಗಿಗೂ ನಡುವೆ ಜಾಗ ಮಾಡಿ, ಪೈಪನ್ನು ಬಟ್ಟಲು ಮೇಲಾಗಿ ಬರುವ ಹಾಗೆ ಚಂದಕ್ಕೆ ಇಟ್ಟರು. ಒಂದು ಹೆಜ್ಜೆ ಹಿಂದೆ ಸರಿದು ನೋಡಿದರು. ಗಾಜು ಮುಚ್ಚಿದರು.

"ಎಲ್ಲರಿಗೂ ಕಾಣ್ಲಿ" ಎಂದರು.

ನಾನು ಚಪ್ಪಲಿ ಮೆಟ್ಟಿಕೊಳ್ಳುವಾಗ ಮೆಟ್ಟಿಲವರೆಗೆ ಬಂದರು. ನನ್ನ ಶರ್ಟಿನ ಹತ್ತಿರ ಸ್ವಲ್ಪ ಬಗ್ಗಿದರು. ಮೂಗು ಅರಳಿತು. ಪೈಪಿನ ಆ ವಾಸನೆ ಯಾರದೆಂದು ಅವರಿಗೆ ಒಳಗೆ ಮೂಸಿದಾಗಲೇ ಗೊತ್ತಾಗಿತ್ತು.

"ನೀನು ಇನ್ನು ಸೇದಬೇಡ ಭಾಸ್ಕರ. ಸಾಕು ಮಾರಾಯ."

"ಇಲ್ಲ ಅತ್ತಿಗೆ, ಆಯ್ತಲ್ಲ, ಇನ್ನೆಂತಕ್ಕೆ" ಎಂದೆ.

ಬಸ್ಸಿಳಿದು ಮನೆಗೆ ಬಂದು, ಕಾಲು ತೊಳೆದು, ನೇರ ಹಿತ್ತಲಿಗೆ ಹೋದೆ. ಕಲ್ಲು ಬಿಸಿಲಿಗೆ ಕಾದಿತ್ತು. ನನ್ನ ಪೈಪು ಲುಂಗಿಯ ಮಡಿಯಲ್ಲಿತ್ತು, ಗುಲಾಬಿಯಕ್ಕನ ಸೊಪ್ಪು ಡಬ್ಬದಲ್ಲಿತ್ತು. ಮಾಡಲು ಇನ್ನೇನೂ ಕೆಲಸ ಉಳಿದಿರಲಿಲ್ಲ. ಜ‌ಯಂತಿ ಒಳಗೆ ಅಗರಬತ್ತಿಗೆ ಕಡ್ಡಿ ಗೀರಿದ ಸದ್ದು ಕೇಳಿಸಿತು. ನಾನೂ ಒಂದು ಕಡ್ಡಿ ಗೀರಿದೆ. ಸಾಕು ಎಂದು ಅತ್ತಿಗೆ ನನಗೆ ಎರಡು ದಿನ ಹೇಳಿದ್ದಾರೆ, ಒರೆಸಲು ಪೈಪು ಕೊಟ್ಟ ದಿನ ಮತ್ತು ಅದನ್ನು ಶೋಕೇಸಿನಲ್ಲಿಟ್ಟ ದಿನ. ಎರಡು ದಿನವೂ ನಾನು ಕೇಳಲಿಲ್ಲ.